ಅದೇ ಮೈಕಿನಾಗೆ

ದೀಪಾವಳಿಗೆ ಇನ್ನು ನಾಲ್ಕು ದಿನ ಇದೆ ಎನ್ನುವಾಗ ನಮ್ಮ ಮನೆಯಲ್ಲಿ ಅಟ್ಟ ಇಳಿಸುವ ಕಾರ್ಯಕ್ರಮ ಇರುತ್ತದೆ. ಇಳಿಸುವುದು ಅಟ್ಟವನ್ನಲ್ಲ, ಅದರ ಮೇಲಿನ ಸಾಮಾನನ್ನು. ನನ್ನ ಹೆಂಡತಿ ಗಿರಿಜ ಸ್ಟೂಲಿನ ಮೇಲೆ ನಿಲ್ಲುತ್ತಾಳೆ, ನಾನು ಕೆಳಗೆ ಸ್ಟೂಲು ಹಿಡಿದುಕೊಂಡು ನಿಲ್ಲುತ್ತೇನೆ. ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಸಿಕ್ಕಿರುವ ಬಡ್ತಿ ಇಷ್ಟೇ. ಮೇಲಿನಿಂದ ಒಂದೊಂದೇ ಸಾಮಾನು ಬರುತ್ತದೆ, ಅದರ ಹಿಂದೆಯೇ "ಇದು ಬೇಕಾ?" ಎಂಬ ಪ್ರಶ್ನೆ ಬರುತ್ತದೆ. ತೂತು ಬಿದ್ದ ಕೊಳಗ, ಕಾಲು ಮುರಿದ ಮಣೆ, ನಾನು ಬಿ.ಎಡ್. ಮಾಡುವಾಗ ಬರೆದ ಪಾಠಯೋಜನೆಯ ಕಟ್ಟು. ಎಲ್ಲಕ್ಕೂ ನಾನು "ಇರ್ಲಿ ಬಿಡು" ಅನ್ನುತ್ತೇನೆ. ಅವಳು ಎಲ್ಲವನ್ನೂ ಎಸೆಯುತ್ತಾಳೆ. ಹಾಗಾಗಿ ನಮ್ಮಲ್ಲಿ ಜಗಳವಿಲ್ಲ.

ಈ ಸಲ ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ ಬಂತು. ಮೊಳಕಾಲ್ಮೂರು ಸೀರೆ ಕೊಂಡರೆ ಹಾಕಿಕೊಡುತ್ತಾರಲ್ಲ, ಅಂಥದು. ಮರೆತುಹೋದ ರೇಷ್ಮೆ ಸೀರೆಯೊಂದು ಸಿಕ್ಕೇಬಿಟ್ಟಿತು ಅಂತ ಗಿರಿಜ ಸ್ಟೂಲಿನ ಮೇಲೇ ನಿಂತು ಆಸೆಯಿಂದ ಮುಚ್ಚಳ ತೆಗೆದಳು.

"ಥೂ, ಹಾರ! ನಾನೇನೋ ಸೀರೆ ಅಂದ್ಕಂಡೆ. ಇದನ್ನ ಎಸೀಲಾ?"

ಗಂಧದ ಹಾರ. ನನ್ನ ಬಾಯಿಂದ "ಇರ್ಲಿ ಬಿಡು" ಕೂಡ ಬರಲಿಲ್ಲ. ಪೆಟ್ಟಿಗೆ ಇಸಿದುಕೊಂಡು, ಸ್ಟೂಲನ್ನೂ ಅದರ ಮೇಲಿದ್ದ ಹೆಂಡತಿಯನ್ನೂ ಅಲ್ಲೇ ಬಿಟ್ಟು, ಹೊರಗೆ ಜಗಲಿಗೆ ಬಂದು ಕೂತೆ. ಹಿಂದಿನಿಂದ ಅವಳು ಏನೇನೋ ಅಂದಳು. ಅಂದದ್ದು ಸರಿಯಾಗಿಯೇ ಇತ್ತು.

ಗಂಧದ ಹಾರ ಅನ್ನುವುದು ಹೆಸರಿಗೆ ಮಾತ್ರ ಗಂಧ, ನೋಡಿ. ಯಾವುದೋ ಮರದ ಹೊಟ್ಟನ್ನು ಸುರುಳಿ ಮಾಡಿ ಪೋಣಿಸಿ, ಮೇಲೆ ಒಂದಿಷ್ಟು ಸೆಂಟು ಚಿಮುಕಿಸಿರುತ್ತಾರೆ. ನಮ್ಮ ಕಡೆ ಇದಕ್ಕೆ ಎರಡು ಉಪಯೋಗ. ಸಭೆ ಸಮಾರಂಭಕ್ಕೆ ಬಂದ ದೊಡ್ಡವರ ಕೊರಳಿಗೆ ಹಾಕುವುದು ಒಂದು. ಅವರು ಫೋಟೋ ತೆಗೆಯುವ ತನಕ ತಡೆದುಕೊಂಡು, ಆಮೇಲೆ ಕತ್ತು ಕೆರೆದುಕೊಳ್ಳುತ್ತಾ ತೆಗೆದಿಡುತ್ತಾರೆ. ಇನ್ನೊಂದು, ತೀರಿಕೊಂಡವರ ಫೋಟೋಕ್ಕೆ ಹಾಕುವುದು. ಹೂವಾದರೆ ದಿನಾ ಬದಲಿಸಬೇಕು. ಇದನ್ನು ಒಂದು ಸಲ ನೇತುಹಾಕಿದರೆ ಮುಂದೆ ಮನೆಗೆ ಸುಣ್ಣ ಬಳಿಯುವ ತನಕ ನಿಶ್ಚಿಂತೆ. ಹಾರ ಅದೇ, ಅಂಗಡಿಯೂ ಅದೇ. ಬದುಕಿರುವವರಿಗೋ ಸತ್ತವರಿಗೋ ಅಂತ ಅಂಗಡಿಯವನು ಕೇಳುವುದಿಲ್ಲ. ಕೊಂಡವನಿಗಾದರೂ ಅಷ್ಟು ಬುದ್ಧಿ ಇರಬೇಕು.

ನನಗೆ ಆ ಬುದ್ಧಿಯನ್ನು ನಮ್ಮವ್ವ ಏಳನೇ ವಯಸ್ಸಿಗೇ ಕಲಿಸಿದ್ದಳು. ನಮ್ಮಪ್ಪನದು ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ. ಪಡಸಾಲೆಯ ಗೋಡೆಯಲ್ಲಿ ಮುತ್ತಜ್ಜ, ಅಜ್ಜ, ದೊಡ್ಡಪ್ಪ ಎಲ್ಲ ಸಾಲಾಗಿ ಇದ್ದರು, ರುಮಾಲು ಸುತ್ತಿಕೊಂಡು, ಮುಖ ಗಂಟುಹಾಕಿಕೊಂಡು. ದೀಪಾವಳಿ ಅಮಾವಾಸ್ಯೆಗೆ ಅವರ ಮುಂದೆ ಹೊಸ ಬಟ್ಟೆ ಇಟ್ಟು, ಹೂ ಏರಿಸಿ, ಎಡೆ ಹಿಡಿಯುತ್ತಿದ್ದರು. ಮನೆಯಲ್ಲಿ ಹೋಳಿಗೆ ಮೊದಲು ಸಿಗುತ್ತಿದ್ದದ್ದು ಅವರಿಗೆ, ಆಮೇಲೆ ನಮಗೆ. ಆ ವರ್ಷ ನಮ್ಮ ಎರಡನೇ ಕ್ಲಾಸಿನ ಗ್ರೂಪ್ ಫೋಟೋ ಬಂದಿತ್ತು. ಹೋಳಿಗೆಯ ಸಾಲಿನಲ್ಲಿ ನಾನೂ ನಿಲ್ಲಬಹುದಲ್ಲ ಅನ್ನಿಸಿ, ಅದನ್ನು ದೊಡ್ಡಪ್ಪನ ಪಕ್ಕ ಮೊಳೆಗೆ ಸಿಕ್ಕಿಸಿ, ಚೆಂಡು ಹೂವಿನ ಸರ ಹಾಕಿದೆ. ಎಡೆ ತಟ್ಟೆ ಹಿಡಿದು ಬಂದ ಅವ್ವ ಅದನ್ನು ನೋಡಿದಳು. ತಟ್ಟೆ ಕೆಳಗಿಟ್ಟಳು. ಬಿಗಿದ ಏಟಿಗೆ ನನ್ನ ಎಡಗಿವಿ ಸಂಜೆಯವರೆಗೂ ಗುಂಯ್ ಅನ್ನುತ್ತಿತ್ತು.

"ಬದುಕಿರೋರ ಫೋಟಕ್ಕೆ ಹೂ ಏರಿಸ್ತಾರೇನೋ ಮುಂಡೇದೆ! ತೆಗಿ ಮೊದ್ಲು!"

ಆಮೇಲೆ ಅವಳೇ ಹೆದರಿ, ಉಪ್ಪು ಮೆಣಸಿನಕಾಯಿ ತಂದು, ಫೋಟೋದಲ್ಲಿದ್ದ ಅಷ್ಟೂ ಮಕ್ಕಳಿಗೂ ಮಧ್ಯದ ಕುರ್ಚಿಯಲ್ಲಿದ್ದ ಮೇಷ್ಟ್ರಿಗೂ ಸೇರಿಸಿ ದೃಷ್ಟಿ ತೆಗೆದು ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದರು. ಆ ಏಟು ನನಗೆ ಸರಿಯಾಗಿ ನೆನಪಿದ್ದಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನೆನಪಿರಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ನನಗೆ ಇನ್ನೊಂದು ರೋಗ ಅಂಟಿಕೊಂಡಿತ್ತು. ಮೈಕಿನ ರೋಗ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ ಅನ್ನುವುದು ಸಂಬಳಕ್ಕೆ. ನಿಜವಾದ ಉದ್ಯೋಗ ನಿರೂಪಣೆ. ಚಳ್ಳಕೆರೆಯಲ್ಲಿ ಯಾವ ಸಭೆ ಆದರೂ "ಮೇಷ್ಟ್ರನ್ನ ಕರೀರಿ, ಅವ್ರ ಗಂಟಲು ಗಂಟೆ ಇದ್ದಂಗೈತೆ" ಅನ್ನುತ್ತಿದ್ದರು. ನಾನು ಆ ಮಾತನ್ನು ನಂಬಿದ್ದೆ. ಸ್ನಾನದ ಮನೆಯಲ್ಲೂ "ವೇದಿಕೆಯ ಮೇಲೆ ಆಸೀನರಾಗಿರುವ" ಅಂತಲೇ ಶುರು ಮಾಡುತ್ತಿದ್ದೆ. ಗಿರಿಜ ಹೊರಗಿನಿಂದ ಬಾಗಿಲು ಬಡಿದು, "ಆಸೀನರಾಗಿರೋರು ಎದ್ದು ಬನ್ನಿ, ನೀರು ಆರ್ತೈತೆ" ಅನ್ನುತ್ತಿದ್ದಳು.

ತೊಂಬತ್ತಮೂರು ಇರಬೇಕು. ನಮ್ಮ ದೇಶದ ಸೈನ್ಯ ಸೊಮಾಲಿಯಾಕ್ಕೆ ಶಾಂತಿ ಕಾಯಲು ಹೋಗಿತ್ತು. ಹಾಗೆ ಹೋದವರಲ್ಲಿ ನನ್ನ ಹಳೆಯ ಶಿಷ್ಯ ಪಾಲಯ್ಯನೂ ಇದ್ದ. ಬಿ.ಜಿ. ಕೆರೆ ಹತ್ತಿರದ ಒಂದು ಹಟ್ಟಿಯವನು, ನಮ್ಮೂರ ಹಾಸ್ಟೆಲಿನಲ್ಲಿದ್ದು ಓದಿದವನು. ವ್ಯಾಕರಣ ಕೇಳಿದರೆ ಕಿಟಕಿ ನೋಡುತ್ತಿದ್ದ, ಓಟಕ್ಕೆ ಬಿಟ್ಟರೆ ಹಿಡಿಯುವವರಿರಲಿಲ್ಲ. ಮಿಲಿಟರಿ ಸೇರಿ ಮದುವೆಯಾಗಿ ವರ್ಷ ತುಂಬುವುದರೊಳಗೆ ಸಮುದ್ರ ದಾಟಿ ಹೋಗಿದ್ದ. ಮನೆಯಲ್ಲಿ ತಾಯಿ ಓಬಕ್ಕ, ಹೆಂಡತಿ ಮಾರಕ್ಕ. ಮಾರಕ್ಕನಿಗೆ ಆಗ ಇಪ್ಪತ್ತೋ ಇಪ್ಪತ್ತೊಂದೋ. ಏಳನೇ ಕ್ಲಾಸು ಓದಿದ್ದಳು, ಗಂಡನ ಕಾಗದ ತಾನೇ ಓದಿಕೊಳ್ಳುತ್ತಿದ್ದಳು.

ಹಬ್ಬಕ್ಕೆ ಮುಂಚೆ ಒಮ್ಮೆ ಆ ಕಡೆ ಹೋದಾಗ ಓಬಕ್ಕನಿಗೆ ಮಗ ಎಲ್ಲಿದ್ದಾನೆ ಅಂತ ವಿವರಿಸಿದ್ದೆ. ಸೊಮಾಲಿಯಾ ಅಂದೆ. ಅವಳಿಗೆ ಕೇಳಿಸಿದ್ದು ಸೋಮಗುದ್ದು. ಸೋಮಗುದ್ದು ನಮ್ಮ ಚಳ್ಳಕೆರೆ ಪಕ್ಕದ ಹಳ್ಳಿ.

"ಸೋಮಗುದ್ದಿನಾಗೆ ಅವ್ನಾ? ಬಸ್ಸು ಹತ್ತಿದ್ರೆ ಊಟದ ಹೊತ್ತಿಗೆ ಬರಬೌದು. ಹಬ್ಬಕ್ಕೆ ಬರಾಕೆ ಏನು ದಾಡಿ ಅವ್ನಿಗೆ?"

ಮಾರಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಿದ್ದೇ ನಕ್ಕಿದ್ದು. "ಅತ್ತೇ, ಅದು ಸಮುದ್ರದ ಆಚೆ ಐತಂತೆ. ಇಮಾನದಾಗೆ ಹೋಗ್ಬೇಕು." ಓಬಕ್ಕ ನಂಬಲಿಲ್ಲ. ಸೊಸೆಯ ನಗು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆ ನಗುವನ್ನು ನಾನು ಆಮೇಲೆ ನೋಡಲಿಲ್ಲ.

ಆ ವರ್ಷ ಊರಿನ ಎಣ್ಣೆ ಗಿರಣಿಯ ಗುರುಸಿದ್ದಪ್ಪನವರಿಗೆ ದೇಶಭಕ್ತಿ ಬಂತು. ಹಬ್ಬದ ದಿನ ಹೊರದೇಶದಲ್ಲಿರುವ ನಮ್ಮ ಹುಡುಗರಿಗೆ ಊರಿನವರು ಏನಾದರೂ ಮಾಡಬೇಕು ಅಂತ ಯೋಧಬಂಧು ಸಮಿತಿ ಮಾಡಿದರು. ಅವರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಮೊದಲು ಪಾರ್ಸಲು ಕಳಿಸೋಣ ಅಂತಾಯಿತು. ಶೇಂಗಾ ಉಂಡೆ, ಚಕ್ಕುಲಿ, ಕರ್ಜಿಕಾಯಿ ಆಯಿತು. ಇನ್ನೇನು ಅಂದಾಗ ಒಬ್ಬರು "ಫಾರಿನ್ ಅಂದ್ರೆ ವಿಪರೀತ ಚಳಿ ಕಣ್ರೀ" ಅಂದರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಭೂಗೋಳದ ಮೇಷ್ಟ್ರೂ ಅಲ್ಲೇ ಇದ್ದರು, ಅವರೂ ಆಡಿಸಿದರು. ನಮ್ಮ ಚಳ್ಳಕೆರೆಯ ಕುರಿ ಕಂಬಳಿ, ಹೊದ್ದರೆ ಮಾಗಿಯ ಚಳಿಯಲ್ಲೂ ಬೆವರು ಬರುವಂಥದು, ಆರು ಕಟ್ಟಿ ಆಫ್ರಿಕದ ಮರಳುಗಾಡಿಗೆ ಕಳಿಸಿದೆವು.

ಅಲ್ಲಿಗೆ ನಿಲ್ಲಿಸಿದ್ದರೆ ನಗೆಪಾಟಲಿಗೇ ಮುಗಿಯುತ್ತಿತ್ತು. ಆದರೆ ಪಾರ್ಸಲಿಗೆ ಮೈಕು ಬೇಕಾಗುವುದಿಲ್ಲವಲ್ಲ! ನನಗೆ ಸಮಾಧಾನವಾಗಲಿಲ್ಲ. ಬಲಿಪಾಡ್ಯಮಿಯ ಬೆಳಿಗ್ಗೆ ಹೈಸ್ಕೂಲು ಬಯಲಿನಲ್ಲಿ ಪಾಲಯ್ಯನ ತಾಯಿಗೂ ಹೆಂಡತಿಗೂ ಸನ್ಮಾನ ಮಾಡೋಣ, ಅವನ ದೊಡ್ಡ ಫೋಟೋ ವೇದಿಕೆಯ ಮೇಲಿಡೋಣ, ಅವರಿಗೆ ಮುಂಚೆ ಏನೂ ಹೇಳದೆ ಕರೆತಂದು ಆಶ್ಚರ್ಯಪಡಿಸೋಣ ಅಂದವನು ನಾನೇ. ಸರ್ಪ್ರೈಸು. ಈ ಪದವನ್ನು ನನಗೆ ಯಾವ ಪಾಪಿ ಕಲಿಸಿದನೋ.

ಮಿಲಿಟರಿ ಸೇರುವಾಗ ಪಾಲಯ್ಯ ನನಗೆ ಕೊಟ್ಟಿದ್ದ ಪಾಸ್‌ಪೋರ್ಟ್ ಸೈಜಿನ ಚಿತ್ರವನ್ನು ಸ್ಟುಡಿಯೋದವನು ಹಿಗ್ಗಿಸಿ ಕಟ್ಟು ಹಾಕಿಸಿಕೊಟ್ಟ. ಮುಖ್ಯ ಅತಿಥಿಗೆ ಅಂತ ಗಂಧದ ಹಾರ ಬಂತು. ಮುಖ್ಯ ಅತಿಥಿಗಳು ಬರುವುದಿಲ್ಲ ಅಂತ ಬೆಳಿಗ್ಗೆ ಎಂಟಕ್ಕೆ ಸುದ್ದಿಯೂ ಬಂತು. ಹಾರ ಸುಮ್ಮನೆ ಮೇಜಿನ ಮೇಲೆ ಬಿದ್ದಿತ್ತು. ಇಷ್ಟು ಚೆನ್ನಾಗಿರುವ ಹಾರ ದಂಡವಾಗುತ್ತದಲ್ಲ ಅಂತ ನಾನೇ ಅದನ್ನೆತ್ತಿ ಪಾಲಯ್ಯನ ಫೋಟೋಕ್ಕೆ ಹಾಕಿದೆ. ಮುಂದೆ ಎರಡು ದೀಪ ಇಡಿಸಿದೆ. ಬಾಳೆಹಣ್ಣಿಗೆ ಊದುಬತ್ತಿ ಚುಚ್ಚಿದ್ದು ಯಾರು ಅಂತ ಗೊತ್ತಿಲ್ಲ. ಬಹುಶಃ ಅದೂ ನಾನೇ. ದೂರ ನಿಂತು ನೋಡಿ, ಬಹಳ ಗಂಭೀರವಾಗಿದೆ ಅಂದುಕೊಂಡು, ಜೀಪು ಹತ್ತಿದೆ.

ನಾವು ಹೋದಾಗ ಓಬಕ್ಕ ಅಂಗಳದಲ್ಲಿ ಶೇಂಗಾ ಬಿಡಿಸುತ್ತಾ ಕೂತಿದ್ದಳು. ಮಾರಕ್ಕ ಹೊಸಿಲಿಗೆ ಕೆಮ್ಮಣ್ಣು ಬಳಿಯುತ್ತಿದ್ದಳು. ಹಬ್ಬಕ್ಕೆ ಅಂತ ಬಳೆಗಾರ ಹಿಂದಿನ ದಿನವಷ್ಟೇ ಬಂದು ಹೋಗಿದ್ದ, ಅವಳ ಎರಡೂ ಕೈತುಂಬ ಹಸಿರು ಗಾಜಿನ ಬಳೆ. ಹಬ್ಬದ ದಿನ, ಹೇಳದೆ ಕೇಳದೆ, ಮಿಲಿಟರಿಯವನ ಮನೆ ಮುಂದೆ ಜೀಪು ಬಂದು ನಿಂತಿದೆ. ಬಿಳಿ ಬಟ್ಟೆ ಹಾಕಿಕೊಂಡ ಮೂರು ಜನ ಇಳಿದು ಕೈಮುಗಿದಿದ್ದಾರೆ. ಈಗ ಬರೆಯುವಾಗ ನನಗೇ ಎದೆ ಝಲ್ ಅನ್ನುತ್ತದೆ. ಆಗ ಅನ್ನಲಿಲ್ಲ.

"ಯಾಕ್ ಸಾ, ಏನಾಯ್ತು?" ಅಂದಳು ಮಾರಕ್ಕ.

"ಏನಿಲ್ಲಮ್ಮ. ಇಬ್ರೂ ಹೊರಡ್ರಿ, ಚಳ್ಳಕೆರೆಗೆ ಹೋಗೋಣ. ಅಲ್ಲೇ ಗೊತ್ತಾಗ್ತದೆ."

ದಾರಿಯುದ್ದಕ್ಕೂ ಓಬಕ್ಕ ನನ್ನ ಮುಖ ನೋಡುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡು ಸ್ವಾಗತ ಭಾಷಣ ಬಾಯಿಪಾಠ ಮಾಡುತ್ತಿದ್ದೆ. ನಮ್ಮ ಕಡೆಯ ಆ ಹಟ್ಟಿಗಳಲ್ಲಿ ಮನೆಮಾತು ತೆಲುಗು, ಹೊರಗೆ ಕನ್ನಡ. ಮನಸ್ಸಿಗೆ ಕಷ್ಟವಾದರೆ ತೆಲುಗೇ ಬರುತ್ತದೆ. "ನಾ ಕೊಡುಕುಕು ಏಮಾಯೆ ಸಾಮೀ?" ಅಂತ ಮೆಲ್ಲಗೆ ಕೇಳಿದಳು, ನನ್ನ ಮಗನಿಗೇನಾಯಿತು ಅಂತ. ನಾನು ನಕ್ಕು, "ಸ್ವಲ್ಪ ತಡಕೋ ಅವ್ವ" ಅಂದೆ. ಅದಕ್ಕಿಂತ ಕೆಟ್ಟ ಉತ್ತರವನ್ನು ನಾನು ಜೀವಮಾನದಲ್ಲಿ ಕೊಟ್ಟಿಲ್ಲ.

ಬಯಲಿನ ತುಂಬ ಜನ. ಜೀಪು ನಿಲ್ಲುತ್ತಲೂ ನಾನು ಮುಂದೆ ಓಡಿ ಮೈಕು ಹಿಡಿದೆ. ವೀರಮಾತೆ ಬಂದರು, ವೀರಪತ್ನಿ ಬಂದರು ಅಂತ ಹೊಗಳಲು ಶುರು ಮಾಡಿದೆ. ನಾಲ್ಕು ಹಾರ್ನು ಕಟ್ಟಿಸಿದ್ದೆವು, ನನ್ನ ಗಂಟಲು ಮಾರ್ಕೆಟ್ಟಿನ ತನಕ ಕೇಳುತ್ತಿತ್ತು. ಅತ್ತೆ ಸೊಸೆ ಮೆಟ್ಟಿಲು ಹತ್ತಿ ಬಂದರು. ಬಂದವರು ಫೋಟೋದ ಮುಂದೆ ನಿಂತುಬಿಟ್ಟರು. ನಾನು ಅರ್ಧ ತಿರುಗಿ ನೋಡಿದೆ. ಓಬಕ್ಕನ ಕೆನ್ನೆ ಮೇಲೆ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ನನಗೆ ಎಂಥ ಸಂತೋಷವಾಯಿತು ಅಂತೀರಿ!

"ನೋಡಿ ಬಂಧುಗಳೇ, ಆ ತಾಯಿಯ ಕಣ್ಣಲ್ಲಿ ಆನಂದಬಾಷ್ಪ! ಜೋರಾದ ಚಪ್ಪಾಳೆ ಬರಲಿ!"

ಚಪ್ಪಾಳೆ ಬಂತು. ನಿಜವಾಗಿ ಬಂತು. ಆ ಚಪ್ಪಾಳೆಯ ನಡುವೆ ಮೈಕಿನ ಹತ್ತಿರವೇ ಗಾಜು ಚೂರಾದ ಸದ್ದಾಯಿತು. ಮಾರಕ್ಕ ಅಳಲಿಲ್ಲ, ಕೂಗಲಿಲ್ಲ. ಫೋಟೋ ನೋಡಿದಳು, ಹಾರ ನೋಡಿದಳು, ದೀಪ ನೋಡಿದಳು, ನೇರ ಮೇಜಿನ ಹತ್ತಿರ ಬಂದು ಎರಡೂ ಕೈಯನ್ನು ಅದರ ಅಂಚಿಗೆ ಹೊಡೆದಳು. ಒಂದು ಸಲ, ಇನ್ನೊಂದು ಸಲ. ಹಸಿರು ಚೂರುಗಳು ನನ್ನ ಭಾಷಣದ ಹಾಳೆಯ ಮೇಲೆ ಬಿದ್ದವು. ಕೈಯಿಂದ ರಕ್ತ ಬರುತ್ತಿತ್ತು.

ನನಗೆ ಆಗ ಗೊತ್ತಾಯಿತು. ಒಂದು ಕ್ಷಣಕ್ಕೆ ಎಲ್ಲ ಗೊತ್ತಾಯಿತು. ಆಗ ನಾನು ಮಾಡಿದ ಮೊದಲ ಕೆಲಸ ಏನು ಬಲ್ಲಿರಾ? ಮೈಕಿನ ಮೇಲೆ ಅಂಗೈ ಮುಚ್ಚಿದೆ. ಮುಚ್ಚಿಕೊಂಡು, ಪಿಸುದನಿಯಲ್ಲಿ, "ಅಯ್ಯೋ, ಪಾಲಯ್ಯ ಚೆನ್ನಾಗಿದ್ದಾನಮ್ಮ! ಬದುಕಿದ್ದಾನೆ! ಇದು ಸನ್ಮಾನ!" ಅಂದೆ. ಆನಂದಬಾಷ್ಪ ಅಂದಿದ್ದು ನಾಲ್ಕು ಹಾರ್ನಿನಲ್ಲಿ, ಬದುಕಿದ್ದಾನೆ ಅಂದಿದ್ದು ಕೈ ಮುಚ್ಚಿಕೊಂಡು.

"ಬದುಕಿದ್ರೆ ಹಾರ ಯಾಕೆ ಹಾಕೀರಿ?" ಅಂದಳು ಓಬಕ್ಕ.

ಗುರುಸಿದ್ದಪ್ಪನವರು ನನ್ನ ಷರಟಿನ ಚುಂಗು ಜಗ್ಗಿ, "ಪ್ರೋಗ್ರಾಂ ನಿಲ್ಲಿಸ್ಬ್ಯಾಡ್ರಿ ಮೇಷ್ಟ್ರೇ, ಜನ ನೋಡ್ತಾವ್ರೆ" ಅಂದರು. ನಿಲ್ಲಿಸಲಿಲ್ಲ. ಇಬ್ಬರಿಗೂ ಶಾಲು ಹೊದಿಸಿದೆವು, ಹಣ್ಣುಕಾಯಿ ಕೊಟ್ಟೆವು. ಮಾರಕ್ಕ ಶಾಲಿನೊಳಗೆ ಕೈ ಅಡಗಿಸಿಕೊಂಡು ಕೂತಿದ್ದಳು. ಬಯಲಿನಲ್ಲಿದ್ದವರಿಗೆ ಅರ್ಥವಾದದ್ದು ಒಂದೇ. ಹಾರ ಹಾಕಿದ ಫೋಟೋ ಇದೆ, ತಾಯಿ ಅಳುತ್ತಿದ್ದಾಳೆ, ಹೆಂಡತಿ ಬಳೆ ಒಡೆದುಕೊಂಡಿದ್ದಾಳೆ. ಮಧ್ಯಾಹ್ನದ ಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿ "ಬಿ.ಜಿ. ಕೆರೆ ಕಡೆ ಮಿಲಿಟ್ರಿಯೋನು ಹೋದನಂತೆ, ಪಾಪ" ಅನ್ನುತ್ತಿದ್ದರು.

ಎಂಟು ಹತ್ತು ದಿನಕ್ಕೆ ಪಾಲಯ್ಯನ ಕಾಗದ ಬಂತು. ಹಬ್ಬದ ಮಾರನೆಯ ದಿನ ಬರೆದದ್ದು. ಅಲ್ಲಿಯ ತನಕ ಓಬಕ್ಕ ಅನ್ನ ಮುಟ್ಟಿರಲಿಲ್ಲವಂತೆ. ಸುದ್ದಿ ತಿಳಿದು ನಾನು ಓಡಿ ಹೋದೆ, ನನ್ನ ಪಾಪ ಕಳೆಯಿತು ಅಂದುಕೊಂಡು. ಮಾರಕ್ಕ ಕಾಗದವನ್ನು ಎದೆಗೊತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೈ ಮಾತ್ರ ಬೋಳು.

"ಇನ್ನೇನಮ್ಮ, ಬಳೆ ಇಡಿಸ್ಕೋ" ಅಂದೆ.

"ಇಡಿಸ್ಕಣಂಗಿಲ್ಲ ಸಾ. ಹಟ್ಟಿ ಹಿರೇರು ಬ್ಯಾಡ ಅಂದ್ರು. ಗಂಡ ಬದುಕಿರಂಗೇ ಬಳೆ ಒಡಕಂಡೋಳು ಅಂತ. ಅವ್ರು ಬಂದು ಕೈಯಾರೆ ಇಡಿಸ್ಬೇಕಂತೆ. ಇಲ್ಲಾಂದ್ರೆ ಸಭೇನಾಗೆ ಒಡೆದಾವೆ, ಅದೇ ಸಭೇನಾಗೆ ಹೇಳಿಸ್ಕಂಡು ಬಾ, ಆಮ್ಯಾಕೆ ಇಡಿಸ್ತೀವಿ ಅಂದವ್ರೆ." ನೆಲ ನೋಡುತ್ತಾ ಅಂದಳು, "ಒಂದೇ ಮಾತು ಸಾ. ಅದೇ ಮೈಕಿನಾಗೆ ಹೇಳ್ರಿ. ನನ್ ಗಂಡ ಬದುಕವ್ರೆ ಅಂತ."

"ಹೇಳ್ತೀನಮ್ಮ. ಖಂಡಿತ ಹೇಳ್ತೀನಿ" ಅಂದೆ.

ಅದು ನವೆಂಬರು. ನಮ್ಮಲ್ಲಿ ರಾಜ್ಯೋತ್ಸವ ಒಂದನೇ ತಾರೀಖು ಶುರುವಾದರೆ ಒಂದೊಂದು ಓಣಿಯವರು ಒಂದೊಂದು ದಿನ ಮಾಡಿ ತಿಂಗಳ ಕೊನೆಗೆ ಮುಗಿಸುತ್ತಾರೆ. ಕೊನೆಯ ಕಾರ್ಯಕ್ರಮ ಅದೇ ಹೈಸ್ಕೂಲು ಬಯಲಿನಲ್ಲಿ, ನಿರೂಪಣೆ ನನ್ನದೇ. ಮೈಕು ಸೆಟ್ಟೂ ಅದೇ. ಹೇಳಬೇಕಾದ್ದನ್ನು ಚೀಟಿಯಲ್ಲಿ ಚೆನ್ನಾಗಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ಹಟ್ಟಿಗೂ ಹೇಳಿ ಕಳಿಸಿದ್ದೆ. ಆ ದಿನ ಬೆಳಿಗ್ಗೆ ಗುರುಸಿದ್ದಪ್ಪನವರ ಕಿವಿಗೆ ಹಾಕಿದೆ.

"ನಿಮಗೇನು ತಲೆ ಕೆಟ್ಟೈತಾ ಮೇಷ್ಟ್ರೇ? ನಮ್ಮ ಮರ್ಯಾದೆ ನಾವೇ ಹರಾಜು ಹಾಕ್ಕಣಾದಾ? ಅವ್ನು ಬದುಕವ್ನಲ್ಲ, ಸಾಕು ಬಿಡ್ರಿ. ಬಂದ ಮ್ಯಾಲೆ ಬಳೆ ಇಡಿಸ್ತಾನೆ."

ಅವರ ಮೇಲೆ ತಪ್ಪು ಹೊರಿಸಿ ನಾನು ಪಾರಾಗಲಾರೆ. ಮೈಕು ಇದ್ದದ್ದು ಅವರ ಕೈಯಲ್ಲಲ್ಲ, ನನ್ನ ಕೈಯಲ್ಲಿ. ಜನರ ಹಿಂದುಗಡೆ, ಕಾಂಪೌಂಡಿಗೆ ಒರಗಿಕೊಂಡು, ಸೆರಗಿನೊಳಗೆ ಎರಡೂ ಕೈ ಸುತ್ತಿಕೊಂಡು ಮಾರಕ್ಕ ನಿಂತಿದ್ದಳು. ಜೊತೆಗೆ ಹಟ್ಟಿಯ ಇಬ್ಬರು ಹಿರಿಯರು, ಕೇಳಿಸಿಕೊಂಡು ಹೋಗಲು ಬಂದಿದ್ದರು. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು. ಈಗ ಹೇಳುತ್ತೇನೆ ಅಂದುಕೊಂಡೆ. ಭಾಷಣ ಆಯಿತು, ಮಕ್ಕಳ ಕೋಲಾಟ ಆಯಿತು. ಈಗ ಅಂದುಕೊಂಡೆ. ಚೀಟಿ ಕೈಗೂ ಬಂತು. ಮೊದಲ ಸಾಲಿನಲ್ಲಿ ನನ್ನ ಹೆಡ್‌ಮಾಸ್ಟರು ಕೂತಿದ್ದರು, ಊರಿನ ಡಾಕ್ಟರು ಕೂತಿದ್ದರು. ಆನಂದಬಾಷ್ಪ ಅಂದವನೇ ಈಗ ಅದು ಆನಂದಬಾಷ್ಪ ಅಲ್ಲ ಅಂದರೆ ಎಲ್ಲರೂ ನಗುತ್ತಾರೆ. ಅಷ್ಟೇ ಸ್ವಾಮಿ, ಬೇರೆ ಕಾರಣವೇ ಇಲ್ಲ. ನಗುತ್ತಾರೆ ಅಂತ ಹೇಳಲಿಲ್ಲ. ವಂದನಾರ್ಪಣೆ ಮಾಡಿದೆ. ಶಾಮಿಯಾನದವರಿಗೂ ಮೈಕಿನವರಿಗೂ ಮರೆಯದೆ ವಂದನೆ ಹೇಳಿದೆ.

ಜಮಖಾನ ಸುತ್ತುವ ತನಕ ಅವಳು ಅಲ್ಲೇ ಇದ್ದಳು. ಹಿರಿಯರು ಆಗಲೇ ಬಸ್ಸಿಗೆ ಹೋಗಿದ್ದರು. ಹತ್ತಿರ ಬಂದಳು.

"ಮುಗೀತಾ ಸಾ ಪ್ರೋಗ್ರಾಮು?"

"ಮುಗೀತಮ್ಮ."

"ಹಂಗಾರೆ ಬರ್ತೀನಿ ಸಾ."

ಬೈದಿದ್ದರೆ ಚೆನ್ನಾಗಿತ್ತು. ನಮ್ಮವ್ವನ ಹಾಗೆ ಒಂದು ಬಿಗಿದಿದ್ದರೆ ಇನ್ನೂ ಚೆನ್ನಾಗಿತ್ತು.

ಒಂದು ವರ್ಷಕ್ಕೂ ಮೇಲೆ ಅವಳು ಬೋಳು ಕೈಯಲ್ಲೇ ಇದ್ದಳು. ಹಟ್ಟಿಯಲ್ಲಿ ಮದುವೆಯಾದರೆ ಮುತ್ತೈದೆಯರ ಸಾಲಿಗೆ ಕರೆಯುತ್ತಿರಲಿಲ್ಲ, ಅವಳೇ ಹೋಗಿ ಗಂಡ ಸತ್ತವರ ಜೊತೆ ಕೂರುತ್ತಿದ್ದಳಂತೆ. ಬೆಳಿಗ್ಗೆ ಕೊಡ ಹಿಡಿದು ಎದುರು ಬಂದರೆ ಜನ ನಿಂತು, ಅವಳು ದಾಟಿದ ಮೇಲೆ ಹೋಗುತ್ತಿದ್ದರಂತೆ. ತಿಂಗಳಿಗೊಂದು ಕಾಗದ ಬರೆಯುವ ಗಂಡ ಬದುಕಿದ್ದರೂ ಹೀಗೆ. ಇದೆಲ್ಲ ಓಬಕ್ಕ ಸಂತೆಯಲ್ಲಿ ಸಿಕ್ಕಾಗ ಹೇಳಿದ್ದು. ಆಮೇಲೆ ನಾನು ಎಷ್ಟು ಸಭೆ ನಿರೂಪಿಸಿದೆ! ಗಣರಾಜ್ಯೋತ್ಸವ, ಶಾಲಾ ವಾರ್ಷಿಕೋತ್ಸವ, ಸ್ವಾತಂತ್ರ್ಯ ದಿನ. ಪ್ರತಿ ಸಲ ಮೈಕು ಮುಟ್ಟಿದಾಗ ಆ ಚೀಟಿ ನೆನಪಾಗುತ್ತಿತ್ತು. ಪ್ರತಿ ಸಲ ಈಗ ಯಾರಿಗೆ ನೆನಪಿರುತ್ತದೆ ಬಿಡು ಅಂದುಕೊಳ್ಳುತ್ತಿದ್ದೆ. ಮುಂದಿನ ದೀಪಾವಳಿಗೆ ಒಂದು ಡಬ್ಬಿ ಸ್ವೀಟು ತೆಗೆದುಕೊಂಡು ಹಟ್ಟಿಗೆ ಹೋದೆ. ಯೋಧನ ಮನೆಗೆ ಹಬ್ಬದ ಭೇಟಿ! ಮಾರಕ್ಕ ಡಬ್ಬಿ ಇಸಿದುಕೊಂಡು ಒಳಗಿಟ್ಟು ಬಂದು, ನೀರು ಕೊಟ್ಟಳು. ಮೈಕಿನ ಮಾತೆತ್ತಲಿಲ್ಲ.

ಆಮೇಲಿನ ಸಂಕ್ರಾಂತಿ ಹೊತ್ತಿಗೆ ಪಾಲಯ್ಯ ಬಂದ. ಇಳಿದವನೇ ಹೆಂಡತಿಯನ್ನು ಕರೆದುಕೊಂಡು ಚಳ್ಳಕೆರೆ ಮಾರ್ಕೆಟ್ಟಿಗೆ ಹೋಗಿ, ಬಳೆ ಅಂಗಡಿಯ ಮುಂದೆ ಕೂರಿಸಿ, ಮೊಣಕೈ ತನಕ ಇಡಿಸಿದನಂತೆ. ಅಲ್ಲಿಂದ ನಮ್ಮ ಮನೆಗೂ ಬಂದ. ಮಾರಕ್ಕ ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ.

"ಕಂಬಳಿ ಸಿಕ್ಕಿದ್ವು ಸಾ" ಅಂದ ಪಾಲಯ್ಯ ನಗುತ್ತಾ. "ಅಲ್ಲಿ ನಮ್ಮೂರಿಗಿಂತ ಜಾಸ್ತಿ ಬಿಸಿಲು. ಜೀಪಿನ ಸೀಟು ಕಾದಿರೋದು, ಮಡಚಿ ಕೆಳಗೆ ಹಾಕ್ಕಣ್ತಿದ್ವಿ. ಭಾಳ ಉಪಕಾರ ಆಯ್ತು." ನಾನೂ ನಕ್ಕೆ. ಬಳೆಯ ವಿಚಾರ ಅವನು ತೆಗೆಯಲಿಲ್ಲ. ತೆಗೆಯಲಿ ಅಂತ ಕಾದೆ, ತೆಗೆದರೆ ಕಾಲಿಗೆ ಬೀಳೋಣ ಅಂತಿದ್ದೆ. ಗುರುವಿನ ಕೈಯಲ್ಲಿ ಕಾಲು ಹಿಡಿಸಿಕೊಳ್ಳಬಾರದು ಅನ್ನುವಷ್ಟು ಮರ್ಯಾದೆ ಅವನಲ್ಲಿತ್ತು. ಹೊರಡುವಾಗ ಮಾತ್ರ, ಸಭೆಯ ದಿನದಿಂದ ನಮ್ಮ ಮನೆಯಲ್ಲೇ ಉಳಿದಿದ್ದ ಫೋಟೋ ನೆನೆದು, "ಆ ದೊಡ್ಡ ಫೋಟೋ ನಿಮ್ಮತ್ರನೇ ಇರ್ಲಿ ಸಾ, ಮನ್ಯಾಗೆ ಹೆಂಗಸ್ರು ಹೆದರ್ಕಣ್ತಾರೆ" ಅಂದ.

ಅವನು ಸರ್ವೀಸು ಮುಗಿಸಿ ಬರುವ ಹೊತ್ತಿಗೆ ನಮ್ಮೂರ ಎಣ್ಣೆ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದವು. ಮುಚ್ಚಿದ ಒಂದು ಗಿರಣಿಗೆ ಕಾವಲುಗಾರನಾಗಿ ಸೇರಿದ. ಗೇಟಿನ ಮುಂದೆ ಕೂತಿರುತ್ತಿದ್ದ. ನಾನು ಹಾದುಹೋದರೆ ಎದ್ದು ನಿಂತು ಸೆಲ್ಯೂಟು ಹೊಡೆಯುತ್ತಿದ್ದ. ನಾನು ಆ ರಸ್ತೆ ಬಿಟ್ಟು ಬೇರೆ ರಸ್ತೆಯಲ್ಲಿ ಓಡಾಡಲು ಶುರು ಮಾಡಿದೆ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಕಾಮಾಲೆಯಾಗಿ ಎರಡೇ ವಾರಕ್ಕೆ ತೀರಿಕೊಂಡ. ಯೋಧಬಂಧು ಸಮಿತಿ ಎಲ್ಲಿತ್ತು ಅಂತ ಕೇಳಬೇಡಿ. ಮೈಕು ಇರಲಿಲ್ಲ, ಶಾಮಿಯಾನ ಇರಲಿಲ್ಲ, ಯಾರೂ ಜೀಪು ಕಳಿಸಲಿಲ್ಲ.

ನಾನು ಮೂರನೇ ದಿನ ಹಟ್ಟಿಗೆ ಹೋದೆ. ಓಬಕ್ಕ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಮಾರಕ್ಕ ಗೋಡೆಗೆ ಒರಗಿ ಕೂತಿದ್ದಳು. ನನ್ನ ಹಾಳು ಕಣ್ಣು ಮೊದಲು ಅವಳ ಕೈಗೇ ಹೋಯಿತು. ಬೋಳು. ಅವಳು ಅದನ್ನು ಗಮನಿಸಿದಳು.

"ಈ ಸಲ ನಿಜ ಸಾ" ಅಂದಳು.

ನಾನು ಏನೋ ಸಮಾಧಾನ ಹೇಳಲು ಹೋದೆ. ಅಷ್ಟರಲ್ಲಿ ಅವಳೇ ಮಾತಾಡಿದಳು.

"ಆ ಫೋಟೋ ಐತಾ ಸಾ? ಮನ್ಯಾಗೆ ಅವ್ರುದು ಇನ್ನೊಂದಿಲ್ಲ."

"ಐತಮ್ಮ. ನಾಳೇನೇ ತಂದು ಕೊಡ್ತೀನಿ. ಹಾರಾನೂ ಹಂಗೇ ಐತೆ."

"ಹಾರ ಬ್ಯಾಡ" ಅಂದಳು. "ಫೋಟೋ ಅಷ್ಟೇ ಕೊಡ್ರಿ. ಹಾರ ನಿಮ್ಮತ್ರನೇ ಇರ್ಲಿ."

ಹಾಗಾಗಿ ಫೋಟೋ ಹೋಯಿತು, ಹಾರ ಉಳಿಯಿತು. ಸೀರೆ ಪೆಟ್ಟಿಗೆಯಲ್ಲಿಟ್ಟು, ಕಣ್ಣಿಗೆ ಬೀಳದಿರಲಿ ಅಂತ ಅಟ್ಟದ ಮೂಲೆಗೆ ತಳ್ಳಿದವನು ನಾನೇ. ಗಿರಿಜ ವರ್ಷಕ್ಕೊಮ್ಮೆ ಅಟ್ಟ ಇಳಿಸುತ್ತಾಳೆ ಅನ್ನುವುದನ್ನು ಮರೆತಿದ್ದೆ.

ಜಗಲಿಯ ಮೇಲೆ ಹಾರವನ್ನು ಎತ್ತಿದೆ. ಸೆಂಟಿನ ವಾಸನೆ ಪೂರ್ತಿ ಹೋಗಿ, ಹಳೇ ರಟ್ಟಿನ ವಾಸನೆ ಬರುತ್ತಿತ್ತು. ಅಡಿಯಲ್ಲಿ ಮಡಚಿದ ಒಂದು ಚೀಟಿ. ರಾಜ್ಯೋತ್ಸವದ ದಿನ ಜೇಬಿನಲ್ಲಿಟ್ಟುಕೊಂಡಿದ್ದೆನಲ್ಲ, ಅದೇ. ಇದನ್ನು ಯಾವಾಗ ಹಾರದ ಜೊತೆ ಸೇರಿಸಿಟ್ಟಿದ್ದೆನೋ ನೆನಪಿಲ್ಲ. ನನ್ನದೇ ಗುಂಡಗಿನ ಅಕ್ಷರ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಗೀಟು ಕೂಡ ಹಾಕಿದ್ದೆ. ಎದುರು ಮನೆ ಜಗಲಿಯಲ್ಲಿ ಯಾರೂ ಇರಲಿಲ್ಲ. ಅಭ್ಯಾಸಬಲ, ಎದ್ದು ನಿಂತೆ, ಗಂಟಲು ಸರಿಮಾಡಿಕೊಂಡೆ, ಜೋರಾಗಿಯೇ ಓದಿದೆ.

"ಸಭಿಕರ ಗಮನಕ್ಕೆ. ಕಳೆದ ದೀಪಾವಳಿಯಂದು ಇದೇ ವೇದಿಕೆಯಲ್ಲಿ ನನ್ನಿಂದ ಒಂದು ದೊಡ್ಡ ತಪ್ಪಾಯಿತು. ನಮ್ಮ ಯೋಧ ಪಾಲಯ್ಯನವರು ಜೀವಂತವಾಗಿದ್ದಾರೆ, ಕ್ಷೇಮವಾಗಿದ್ದಾರೆ. ಅವರ ಧರ್ಮಪತ್ನಿಯವರು ಇಲ್ಲೇ ಇದ್ದಾರೆ. ಅವರ ಕ್ಷಮೆ ಕೇಳುತ್ತೇನೆ."

ಗಂಟಲು ಇನ್ನೂ ಚೆನ್ನಾಗಿಯೇ ಇದೆ. ಒಳಗಿನ ತನಕ ಕೇಳಿಸಿರಬೇಕು. ಸ್ಟೂಲಿನ ಮೇಲಿಂದ ಗಿರಿಜ ಕೂಗಿದಳು.

"ಯಾರ್ರೀ ಅದು, ಕ್ಷೇಮವಾಗಿರೋದು?"

"ಯಾರೂ ಇಲ್ಲ ಬಿಡು" ಅಂದೆ.